ಪಿಂಗೆಲಾಪಿನ ಮಕ್ಕಳ ಮೌನ

ಹ್ಯೂಸ್ಟನ್ನಿಗೆ ಹೋದ ಮೊದಲ ದಿನವೇ ನನ್ನ ಕೈಯಲ್ಲಿದ್ದ ಊಟದ ತಟ್ಟೆಯನ್ನು ಕಿತ್ತುಕೊಂಡರು. ಕಿತ್ತುಕೊಂಡರು ಅನ್ನುವುದು ಅತಿಯಾಯಿತು, ಬಹಳ ಮರ್ಯಾದೆಯಿಂದಲೇ ತೆಗೆದುಕೊಂಡರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಅನ್ನ, ನಮ್ಮ ಕರಾವಳಿಯವರು ಜೀಗುಜ್ಜೆ ಅನ್ನುತ್ತಾರಲ್ಲ, ಹಲಸಿನ ಜಾತಿಯ ಆ ಕಾಯಿಯ ಹೋಳು. ಬಯಲುಸೀಮೆಯ ನಾನು ಜೀಗುಜ್ಜೆಯನ್ನು ಮೊದಲ ಸಲ ತಿಂದದ್ದು ಟೆಕ್ಸಸ್ಸಿನಲ್ಲಿ! ಮನೆಯೊಡತಿ ಎರ್ಸಿನಾ ನನ್ನತ್ತ ಬಾಗಿ, "ಇನ್ನೊಂದಿಷ್ಟು ಹಾಕ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನಮ್ಮವರೆಲ್ಲ ಮಾಡುವಂತೆ ತಲೆಯನ್ನು ಆಚೆ ಈಚೆ ತೂಗಿದೆ. ಹಾಕಿ, ಹಾಕಿ, ನಾಚಿಕೆಯೇನೂ ಇಲ್ಲ ಎಂಬುದು ಅದರ ತಾತ್ಪರ್ಯ. ಅವರು ತಟ್ಟೆಯನ್ನೆತ್ತಿಕೊಂಡು ಅಡುಗೆಮನೆಗೆ ಹೋದರು. ತುಂಬಿಸಿಕೊಂಡು ಬರುತ್ತಾರೆಂದು ಕಾದೆ. ನಲ್ಲಿಯ ಸದ್ದು ಕೇಳಿಸಿತು. ತಟ್ಟೆ ತೊಳೆಯುತ್ತಿದ್ದರು.

ಅತಿಥಿ ಎಷ್ಟು ತಿನ್ನಬೇಕೆಂದು ಆತಿಥೇಯರೇ ತೀರ್ಮಾನಿಸುವ ಊರಿರಬೇಕು ಎಂದುಕೊಂಡು ಅರೆಹೊಟ್ಟೆಯಲ್ಲಿ ಆಸ್ಟಿನ್ನಿಗೆ ಮರಳುವ ಬಸ್ಸು ಹತ್ತಿದೆ.

ಎರ್ಸಿನಾ ಆಂಟಿಯ ಊರು ಪಿಂಗೆಲಾಪ್. ಪೆಸಿಫಿಕ್ ಸಾಗರದ ಮೈಕ್ರೋನೇಷ್ಯಾದಲ್ಲಿರುವ ಹವಳದ ದ್ವೀಪ. ಭೂಪಟದ ಮೇಲೆ ಪೆನ್ನಿನ ಚುಕ್ಕೆ ಇಟ್ಟರೆ ಅದರಡಿ ಮಾಯವಾಗುವಷ್ಟು ಸಣ್ಣದು. ಅಲ್ಲಿಯವರು ಅಮೆರಿಕಕ್ಕೆ ಬಂದು ದುಡಿಯಲು ವೀಸಾ ಬೇಡ, ಎರಡು ದೇಶಗಳ ನಡುವೆ ಹಾಗೊಂದು ಒಪ್ಪಂದವಿದೆ. ನನಗೆ ಮಾತ್ರ ವೀಸಾ, ಅದರ ಗಡುವು, ಗಡುವಿನ ಕೆಟ್ಟ ಕನಸು ಎಲ್ಲವೂ ಇವೆ. ಹಾಗೆ ಬಂದ ಕೆಲವು ಕುಟುಂಬಗಳು ಹ್ಯೂಸ್ಟನ್ನಿನಲ್ಲಿ, ಕೆಲವು ಡಲ್ಲಾಸಿನ ಸುತ್ತಮುತ್ತ ನೆಲೆಸಿವೆ. ಅವರ ಭಾಷೆಗೂ ಪಿಂಗೆಲಾಪಿನ ಹೆಸರೇ. ಅಳಿವಿನಂಚಿನದು ಎಂದು ಪುಸ್ತಕಗಳು ಹೇಳುತ್ತವೆ. ನಾನು ಆಸ್ಟಿನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾಶಾಸ್ತ್ರ ಓದುತ್ತೇನೆ. ಆ ಭಾಷೆಯನ್ನು ದಾಖಲಿಸುವ ನಮ್ಮ ಪ್ರಾಧ್ಯಾಪಕಿಯ ಯೋಜನೆಯಲ್ಲಿ ಧ್ವನಿಮುದ್ರಣ ಮಾಡುವುದು, ಕೇಳಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ನಾನಿರುವುದು ಆಸ್ಟಿನ್ನಿನ ಪಕ್ಕದ ರೌಂಡ್ ರಾಕ್‌ನಲ್ಲಿ, ಮೈಸೂರಿನ ವಿಜಯಾ ಆಂಟಿಯ ಮನೆಯ ಮಹಡಿಯ ಕೋಣೆಯಲ್ಲಿ. ಇಲ್ಲಿ ಕಾರಿಲ್ಲದವಳು ಕಾಲಿಲ್ಲದವಳಿಗೆ ಸಮ. ಬಂದ ಹೊಸದರಲ್ಲಿ ಸಂಜೆ ಅಡ್ಡಾಡಲು ಹೊರಟೆ. ಫುಟ್‌ಪಾತ್ ನೆಟ್ಟಗೆ ಹೋಗಿ, ಯಾವ ಕಾರಣವನ್ನೂ ಹೇಳದೆ, ಹುಲ್ಲಿನಲ್ಲಿ ಮುಗಿದುಹೋಯಿತು. ಎದುರುಮನೆಯವರ ಮುಖ ನಾನಿನ್ನೂ ನೋಡಿಲ್ಲ. ಗ್ಯಾರೇಜಿನ ಬಾಗಿಲು ತಾನಾಗಿ ಏಳುತ್ತದೆ, ಕಾರನ್ನು ನುಂಗುತ್ತದೆ, ಮುಚ್ಚಿಕೊಳ್ಳುತ್ತದೆ. ನಮ್ಮ ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ನಿಂತರೆ ಯಾರ ಮನೆಯಲ್ಲಿ ಏನಾಯಿತೆಂದು ಜನ ಹೊರಗೆ ಬಂದು ಕೇಳುತ್ತಾರೆ. ಇಲ್ಲಿ ನಿಲ್ಲಲು ಸದ್ದೇ ಇಲ್ಲ. ಭಾನುವಾರ ಇಡೀ ದಿನ ಬಾಯಿ ತೆರೆಯದೆ ಕಳೆದು, ಸೋಮವಾರ ಬಸ್ಸಿನ ಚಾಲಕನಿಗೆ ಗುಡ್ ಮಾರ್ನಿಂಗ್ ಅನ್ನಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತದೆ.

ಮಾತಿಗೆ ವಿಜಯಾ ಆಂಟಿಯೇ ಗತಿ.

"ಅಲ್ಲಮ್ಮಾ, ಅಷ್ಟು ದೂರದಿಂದ ಬಂದು ಯಾರದೋ ದ್ವೀಪದ ಭಾಷೆ ಬರ್ಕೋತಾ ಕೂತಿದೀಯಲ್ಲ, ಇದಕ್ಕೆ ಕೆಲಸ ಸಿಗತ್ತಾ?"

"ಸಿಗಲ್ಲ ಆಂಟಿ."

"ಮತ್ತೆ?"

"ಭಾಷೆ ಸಾಯ್ತಿದೆ ಅಂತ ಬರೆದಿಡೋದು."

"ಬರೆದಿಟ್ರೆ ಬದುಕತ್ತಾ?"

"ಅದನ್ನೇ ನಾನೂ ನಮ್ಮ ಪ್ರೊಫೆಸರ್ ಹತ್ರ ಕೇಳಿದ್ದು."

"ನಿಂಗೆ ವಾದ ಮಾಡೋದು ಬಿಟ್ರೆ ಇನ್ನೇನೂ ಬರಲ್ಲ. ನೋಡು, ನಮ್ಮನೇಲೂ ಕನ್ನಡ ಸತ್ತೇಹೋಯ್ತು. ರೋಹನ್, ಊಟಕ್ಕೆ ಬಾರೋ!"

"ಇನ್ ಎ ಮಿನಿಟ್, ಅಮ್ಮಾ!" ಎಂದು ಕೆಳಗಿನಿಂದ ಉತ್ತರ ಬಂತು.

"ಕೇಳಿದ್ಯಾ?" ಎಂದರು, ತಮ್ಮ ವಾದಕ್ಕೆ ಸಾಕ್ಷಿ ಸಿಕ್ಕ ವಕೀಲರ ಹಾಗೆ.

ವಾದ ನನಗೆ ಬರುತ್ತದೆ ನಿಜ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿ, ವಿರೋಧವೂ ಮಾತಾಡಿ ಕಪ್ಪು ತಂದವಳು ನಾನು. ಅಲ್ಲಿ ಕಲಿತ ಮೊದಲ ಪಾಠ: ನಿಮ್ಮ ಮಾತಿಗೆ ಎದುರಾಳಿ ಉತ್ತರಿಸದಿದ್ದರೆ ಅವನ ಹತ್ತಿರ ಉತ್ತರವಿಲ್ಲ ಎಂದೇ ಅರ್ಥ. ಎರಡನೆಯದು: ಎದುರಾಳಿಯ ಮುಖ ನೋಡಬೇಡಿ, ನಿಮ್ಮ ಟಿಪ್ಪಣಿ ನೋಡಿ. ಈ ಎರಡೂ ಪಾಠಗಳನ್ನು ಹೊತ್ತುಕೊಂಡೇ ನಾನು ಹ್ಯೂಸ್ಟನ್ನಿಗೆ ಹೋಗುತ್ತಿದ್ದೆ.

ಇನ್ನು ಅಲ್ಲಿನ ವ್ಯಾಜ್ಯ. ಪಿಂಗೆಲಾಪಿನವರು ಚರ್ಚಿನಲ್ಲಿ ಪ್ರಾರ್ಥನೆ ಮಾಡುವುದು ಪಿಂಗೆಲಾಪಿನ ಭಾಷೆಯಲ್ಲಲ್ಲ, ಪಕ್ಕದ ದೊಡ್ಡ ದ್ವೀಪವಾದ ಪೋನ್‌ಪೇಯ ಭಾಷೆಯಲ್ಲಿ. ಅವರ ಬೈಬಲ್ಲು ಇರುವುದು ಅದರಲ್ಲಿ. ಶಾಲೆಗೆ ಇಂಗ್ಲಿಷು. ಉಳಿದದ್ದು ಮನೆ. ಅಲ್ಲೂ ಜಾಗ ಸಾಲದೆಂದು ಎರ್ಸಿನಾ ಆಂಟಿ ಪ್ರತಿ ಭಾನುವಾರ ಪ್ರಾರ್ಥನೆಯಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಗಂಟೆ ಪಿಂಗೆಲಾಪಿನಲ್ಲೇ ಕಥೆ ಹೇಳುತ್ತಿದ್ದರು. ತರುಣ ತಂದೆತಾಯಿಯರು ತಕರಾರು ತೆಗೆದಿದ್ದರು: ಮಕ್ಕಳಿಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ಕೂತು ಎದ್ದು ಬರುತ್ತಾರೆ, ಆ ಗಂಟೆ ಇಂಗ್ಲಿಷಿನಲ್ಲಾಗಲಿ. ಎರಡೂ ಊರಿನ ಕುಟುಂಬಗಳು ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚಿನಲ್ಲಿ ಸೇರಿದಾಗ ಇದು ಇತ್ಯರ್ಥವಾಗಬೇಕಿತ್ತು. ಮಕ್ಕಳಿಗೆ ನಿಜಕ್ಕೂ ಎಷ್ಟು ಬರುತ್ತದೆಂದು ನೀವೇ ನೋಡಿ ಹೇಳಿ ಎಂದು ಅವರು ನಮ್ಮನ್ನು ಕೇಳಿಕೊಂಡರು. ನೋಡುವ ಕೆಲಸ ನನ್ನ ತಲೆಗೆ ಬಂತು. ಆಂಟಿಯ ಆ ಒಂದು ಗಂಟೆ ನನ್ನ ಕೈಯಲ್ಲಿತ್ತು.

ಪೋನ್‌ಪೇಯ ಭಾಷೆಯ ವಿಷಯ ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿಯಾಗಿತ್ತು. ಓದುಗರೇ, ಕನ್ನಡ ಸಾಯುತ್ತಿದೆ ಎಂದು ನಾವು ಭಾಷಣ ಮಾಡುತ್ತೇವೆ, ನಾನೂ ಮಾಡಿದ್ದೇನೆ, ಬಹುಮಾನವೂ ಬಂದಿದೆ. ಆದರೆ ನನ್ನ ಮನೆಮಾತು ಕನ್ನಡವಲ್ಲ. ನಾವು ಸಾವಜಿಗಳು. ನಮ್ಮ ಖಾನಾವಳಿಯ ಖಾರ ನೀವು ಉಂಡಿರಬಹುದು, ನಮ್ಮ ಮಾತು ಕೇಳಿರಲಾರಿರಿ. ಗುಜರಾತಿ, ಮರಾಠಿ, ಕನ್ನಡ ಎಲ್ಲ ಬೆರೆತಂತೆ ಕಿವಿಗೆ ಬೀಳುವ ನಮ್ಮದೇ ಒಂದು ಭಾಷೆಯಿದೆ. ಅವ್ವ ಮತ್ತು ದೊಡ್ಡವ್ವ ಅದರಲ್ಲೇ ಜಗಳವಾಡುತ್ತಾರೆ, ಅದರಲ್ಲೇ ರಾಜಿಯಾಗುತ್ತಾರೆ. ನನ್ನ ಜೊತೆ ಮಾತ್ರ ಕನ್ನಡ, ಸಾಲಿಗೆ ಹೋಗುವ ಹುಡುಗಿಯ ಕನ್ನಡ ಕೆಡಬಾರದೆಂದು. ಅಂದರೆ ನಮ್ಮ ಮನೆಯ ಮಟ್ಟಿಗೆ ಪೋನ್‌ಪೇ ಯಾರು? ನೀವೇ ಹೇಳಿ.

ಮಕ್ಕಳ ಸಂದರ್ಶನ ಹೀಗೆ ನಡೆಯಿತು. ವಿಡಿಯೋ ಬೇಡ, ಮಕ್ಕಳ ಮುಖ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೋ ಹೋಗುತ್ತದೆ, ಧ್ವನಿ ಮಾತ್ರ ಸಾಕು ಎಂದು ಹಿರಿಯರು ಮೊದಲೇ ಹೇಳಿದ್ದರು. ಒಪ್ಪಿದೆವು. ನನ್ನ ಪಿಂಗೆಲಾಪ್ ಇನ್ನೂ ಅಂಬೆಗಾಲಿಡುತ್ತಿದ್ದುದರಿಂದ ಪ್ರಶ್ನೆ ಕೇಳುವವರು ಎರ್ಸಿನಾ ಆಂಟಿ. ಮಗು ಅವರೆದುರು ಕೂರುತ್ತಿತ್ತು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ, ಧ್ವನಿಯ ಗೆರೆ ಏಳುವುದನ್ನೇ ನೋಡುತ್ತ ಕೂರುತ್ತಿದ್ದೆ. ಆಂಟಿ ಕೇಳುವಾಗ ಗೆರೆ ಏಳುತ್ತಿತ್ತು. ಆಮೇಲೆ ಚಪ್ಪಟೆ. ಮತ್ತೆ ಆಂಟಿ, ಮತ್ತೆ ಚಪ್ಪಟೆ. ಒಂದೊಂದು ಚಪ್ಪಟೆಯಾದ ಮೇಲೂ ಆಂಟಿ ಬಹಳ ತೃಪ್ತಿಯಿಂದ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಅದು ನನಗೆ ಅಜ್ಜಿಯೊಬ್ಬಳ ಹಟದಂತೆ ಕಂಡಿತು. 'ಉತ್ತರವಿಲ್ಲ', 'ಉತ್ತರವಿಲ್ಲ' ಎಂದು ಬರೆದುಕೊಂಡೆ. ಆಸ್ಟಿನ್ನಿಗೆ ಬಂದು ಪ್ರಾಧ್ಯಾಪಕಿಗೆ, "ಟೆಕ್ಸಸ್ಸಿನ ಮಕ್ಕಳ ಮಟ್ಟಿಗೆ ಈ ಭಾಷೆ ಮುಗಿದಿದೆ" ಎಂದು ವರದಿ ಒಪ್ಪಿಸಿದೆ. ಎಷ್ಟು ಸ್ಪಷ್ಟ, ಎಷ್ಟು ನಿರ್ಭಾವುಕ ಎಂದು ನನಗೇ ಮೆಚ್ಚುಗೆಯಾಗಿತ್ತು.

"ಸಂದೇಹಕ್ಕೆ ಎಡೆಯೇ ಇಲ್ಲದಿದ್ದರೆ ಇನ್ನೊಮ್ಮೆ ಹೋಗಿ ಬಾ" ಎಂದರು ಪ್ರಾಧ್ಯಾಪಕಿ.

ಹೋದೆ. ಮತ್ತದೇ ಚಾಪೆ. ಈ ಸಲ ಆಂಟಿ ಉರೋಸ್ ಉಟ್ಟಿದ್ದರು. ಅದು ಅವರ ಕಡೆಯ ಹೆಂಗಸರು ಹೊಲಿದುಕೊಳ್ಳುವ ಕಸೂತಿಯ ಲಂಗ. ಅಂಚಿನ ತುಂಬ ಕೆಂಪು ಹೂವು. ನೇಕಾರರ ಮನೆಯವಳಾದ್ದರಿಂದ ನನ್ನ ಕೈ ತಾನಾಗಿ ಬಟ್ಟೆಯ ಹಿಂಬದಿಯನ್ನು ತಿರುವಿ ನೋಡಿತು. ಆಂಟಿಗೆ ಖುಷಿಯಾಗಿ, "ಹಿಂದೆ ನೋಡುವವರು ಬಹಳ ಜನ ಇಲ್ಲ" ಎಂದರು. ಊಟಕ್ಕೆ ಕೂತೆವು. ಇನ್ನೊಂದಿಷ್ಟು ಹಾಕಲಾ ಎಂದು ಕೇಳಿದರು. ನಾನು ತಲೆ ತೂಗಿದೆ. ಅವರ ಕೈ ತಟ್ಟೆಯತ್ತ ಬಂತು.

"ಅಜ್ಜಿ, ನಿಲ್ಲು!" ಎಂದು ಇಂಗ್ಲಿಷಿನಲ್ಲಿ ಕೂಗಿದವಳು ಲೀನಾ, ಆಂಟಿಯ ಮೊಮ್ಮಗಳು, ಮಿಡ್ಲ್ ಸ್ಕೂಲಿನ ಹುಡುಗಿ. "ನಮ್ ಕ್ಲಾಸಲ್ಲಿ ಇಂಡಿಯನ್ಸ್ ಇದಾರೆ. ಇವ್ರು ಹಸಿವಾದಾಗ ಹೀಗೇ ಮಾಡೋದು. ಅದು ಹೌದು ಅಂತ."

"ತಲೆ ಅಲ್ಲಾಡಿಸಿ ಹೌದು ಅಂತಾರಾ?" ಆಂಟಿ ನನ್ನನ್ನು ಮರುಕದಿಂದ ನೋಡಿದರು. "ಮೊದಲ ದಿನ ನಿನ್ನನ್ನ ಹಸಿದ ಹೊಟ್ಟೆಯಲ್ಲಿ ಕಳಿಸಿದೆನಾ ಮಗಳೇ?"

"ಪರವಾಗಿಲ್ಲ ಆಂಟಿ. ನೀವು ಹೌದು ಅನ್ನೋದಕ್ಕೆ ಏನು ಮಾಡ್ತೀರಿ?"

ಲೀನಾ ನನ್ನನ್ನೇ ನೋಡುತ್ತ ಹುಬ್ಬುಗಳನ್ನು ಒಮ್ಮೆ ಮೇಲೆತ್ತಿ ಇಳಿಸಿದಳು. ಅಷ್ಟೇ.

"ಅಷ್ಟೇನಾ?"

ಮತ್ತೆ ಹುಬ್ಬು ಏರಿತು, ಇಳಿಯಿತು. "ಈಗ ಎರಡು ಸಲ ಹೇಳಿದೆ. ನಿಮಗೆ ಸ್ಲೋ ಆಗಿ ಹೇಳಬೇಕಾ?"

ಅನ್ನ ಬಂತು, ಮೀನು ಬಂತು, ತಿನ್ನಲು ನನ್ನಿಂದಾಗಲಿಲ್ಲ. ನಾನು 'ಉತ್ತರವಿಲ್ಲ' ಎಂದು ಬರೆದ ಕಡೆಯಲ್ಲೆಲ್ಲ ಒಂದು ಮಗು ನನ್ನಿಂದ ಮೂರಡಿ ದೂರದಲ್ಲಿ ಕೂತು, ಅಜ್ಜಿಯ ಪ್ರಶ್ನೆಯನ್ನು ಪೂರ್ತಿ ಅರ್ಥಮಾಡಿಕೊಂಡು, ಹೌದು ಎಂದಿತ್ತು. ಹುಬ್ಬಿನ ಸದ್ದು ಯಾವ ಯಂತ್ರಕ್ಕೂ ಕೇಳಿಸುವುದಿಲ್ಲ. ಮುಖ ನೋಡಬೇಕಾದವಳು ಗೆರೆ ನೋಡುತ್ತಿದ್ದಳು. ಆ ದಿನವೇ ಲೀನಾಳನ್ನೂ ಅವಳ ತಮ್ಮ ತಂಗಿಯರನ್ನೂ ಮತ್ತೆ ಕೂರಿಸಿದೆವು. ಈ ಸಲ ಲ್ಯಾಪ್‌ಟಾಪ್ ಮುಚ್ಚಿ ಮುಖ ನೋಡಿದೆ. ಇಲ್ಲ ಅನ್ನಬೇಕಾದಲ್ಲಿ ಸಣ್ಣಗೆ ಮೂಗು ಮುರಿಯುತ್ತಿದ್ದರು. ಎಲ್ಲ ತಿಳಿಯುತ್ತಿತ್ತು, ಎಲ್ಲ!

ಓಡಿಬಂದು ಪ್ರಾಧ್ಯಾಪಕಿಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ತಿಳಿಯುತ್ತದೆ ಎನ್ನುವುದು ಸಿದ್ಧವಾಯಿತು. ಮಾತಾಡುತ್ತಾರೆ ಎಂದು ಎಲ್ಲಿ ಸಿದ್ಧವಾಯಿತು?" ಎಂದರು. ಚರ್ಚೆಯಲ್ಲಿ ನಾನು ಇತರರಿಗೆ ಕೊಡುತ್ತಿದ್ದ ಏಟು ಇಂಥದ್ದೇ.

ಕೋಣೆಯಲ್ಲಿ ಕೂತು, ಮನೆಗಳಲ್ಲಿ ನಾವು ಮಾಡಿದ್ದ ಉಳಿದ ಮುದ್ರಣಗಳನ್ನೆಲ್ಲ ಮತ್ತೆ ಕೇಳಿದೆ. ಅಡುಗೆಮನೆ, ಅಂಗಳ, ಟಿವಿಯ ಗದ್ದಲ. ದೊಡ್ಡವರು ಮಕ್ಕಳಿಗೆ ಏನು ಕೇಳುತ್ತಾರೆ? ಉಂಡೆಯಾ? ಬಾಗಿಲು ಹಾಕಿದೆಯಾ? ಸ್ನಾನ ಆಯಿತಾ? ಹುಬ್ಬೆತ್ತಿದರೆ ಮುಗಿಯುವ ಪ್ರಶ್ನೆಗಳೇ ಎಲ್ಲ. ಬಾಯಿ ತೆರೆಯಬೇಕಾದ ಪ್ರಶ್ನೆಯನ್ನು ಈ ಮಕ್ಕಳಿಗೆ ಅವರ ಭಾಷೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಉದ್ದದ ಮಾತು ಬಂದಾಗ ದೊಡ್ಡವರೇ ಇಂಗ್ಲಿಷಿಗೆ ಹೊರಳುತ್ತಿದ್ದರು. ಆಂಟಿಯ ಕಥೆಯ ಗಂಟೆಯೂ ಹಾಗೇ, ಕಥೆ ಅವರದು, ಹುಬ್ಬು ಮಕ್ಕಳದು.

ಅಷ್ಟರಲ್ಲಿ ಅವ್ವನ ಫೋನು ಬಂತು. "ಉಂಡೀ?" "ಹೂಂ." "ಥಂಡಿ ಐತೇನು?" "ಹೂಂ." "ಆರಾಮ ಅದೀಯಿಲ್ಲೋ?" "ಹೂಂ." ಫೋನು ಇಟ್ಟ ಮೇಲೆ ಕಿಟಕಿಯಾಚೆ ಎದುರುಮನೆಯ ಗ್ಯಾರೇಜು ಎದ್ದು ಮುಚ್ಚಿತು.

ಫಾರ್ಮರ್ಸ್ ಬ್ರಾಂಚಿನ ಸಭೆಗೆ ನನ್ನನ್ನು ಕರೆದೊಯ್ದವರು ವಿಜಯಾ ಆಂಟಿ. ಅವರಿಗೆ ಅಲ್ಲೇ ಹತ್ತಿರದ ಇರ್ವಿಂಗಿನ ದೇವಸ್ಥಾನಕ್ಕೂ ಅದರ ಆಚೀಚಿನ ಇಂಡಿಯನ್ ಅಂಗಡಿಗಳಿಗೂ ಹೋಗಬೇಕಿತ್ತು. ದಾರಿಯುದ್ದಕ್ಕೂ ಡ್ರೈವ್ ಮಾಡುತ್ತ ಬುದ್ಧಿ ಹೇಳಿದರು. "ಆ ಅಜ್ಜಿ ಊಟ ಹಾಕಿದಾರೆ ತಾನೆ? ಅವರಿಗೆ ಬೇಕಾದ್ದು ಹೇಳಿ ಬಂದ್ಬಿಡು. ಮಕ್ಕಳಿಗೆ ಬರತ್ತೆ ಅಂದ್ರೆ ನಿಂಗೇನು ಗಂಟು ಹೋಗತ್ತೆ?"

"ಬರಲ್ಲವಲ್ಲ ಆಂಟಿ."

"ಬರಲ್ಲ ಅಂದ್ರೆ ಪಾಪ ಅವರ ಗಂಟೆ ಹೋಗತ್ತೆ."

"ಗೊತ್ತು."

"ಗೊತ್ತಿದ್ರೂ ಹೇಳ್ತೀಯ. ನಿನ್ನ ಕಟ್ಕೊಳ್ಳೋನು ಕಿವುಡ ಆಗಿರಬೇಕು" ಎಂದು ನನ್ನನ್ನು ಬಾಗಿಲಲ್ಲಿ ಇಳಿಸಿ ಹೋದರು.

ಸಭಾಂಗಣದ ತುಂಬ ಫಾಯಿಲ್ ಮುಚ್ಚಿದ ಟ್ರೇಗಳು, ಹೂವಿನ ಲಂಗಗಳು, ಓಡಾಡುವ ಮಕ್ಕಳು. ಎರ್ಸಿನಾ ಆಂಟಿ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು. ಹ್ಯೂಸ್ಟನ್ನಿನ ಜೋಯೆಲ್ ಎಂಬಾತ ಎದ್ದು, ತನ್ನ ಮಗಳು ಆ ಗಂಟೆಯಲ್ಲಿ ಕೂತು ಕೂತು ಗೋಡೆಯ ಬಣ್ಣ ಬಾಯಿಪಾಠ ಮಾಡಿದ್ದಾಳೆ ಎಂದ. ನಗು ಎದ್ದಿತು. "ನಾನು ಉಗ್ರಾಣದಲ್ಲಿ ಮೂಟೆ ಎತ್ತುವುದು ಅವಳು ಎತ್ತಬಾರದೆಂದು. ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಇರುವುದು ವಾರಕ್ಕೆ ಒಂದೇ ಭಾನುವಾರ." ಒಳ್ಳೆಯ ವಾದ. ನಾನು ಅವನ ಕಡೆಯವಳಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

ಆಮೇಲೆ ನನ್ನನ್ನು ಕರೆದರು. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎನ್ನುವುದು ಸುಳ್ಳು, ಎಲ್ಲವೂ ತಿಳಿಯುತ್ತದೆ ಎಂದೆ. ಎರ್ಸಿನಾ ಆಂಟಿಯ ಮುಖ ಅರಳಿತು. ಆದರೆ ಮಾತಾಡಲು ಬರುವುದಿಲ್ಲ ಎಂದೆ. ಅದು ಮುದುಡಿತು. ಮಾತಾಡುವ ಕೆಲಸವನ್ನೇ ನೀವು ಅವರಿಗೆ ಕೊಟ್ಟಿಲ್ಲ, ಆಂಟಿಯ ಗಂಟೆಯಲ್ಲೂ ಕೊಟ್ಟಿಲ್ಲ ಎಂದೆ. ಉಂಡೆಯಾ ಎಂದು ಕೇಳುತ್ತೀರಿ, ಏನು ಉಂಡೆ, ಯಾರ ಜೊತೆ ಉಂಡೆ, ಯಾಕೆ ಬಿಟ್ಟೆ ಎಂದು ಕೇಳುವುದಿಲ್ಲ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಎದುರಾಡಲೂ ಇಲ್ಲ. ಅವರಲ್ಲಿ ಅತಿಥಿಯ ಮುಂದೆ ಭಿನ್ನಾಭಿಪ್ರಾಯವನ್ನು ನುಂಗಿಕೊಳ್ಳುವುದೇ ಸಭ್ಯತೆ. ಹಿಂದಿನ ನಾನಾಗಿದ್ದರೆ ಆ ಮೌನವನ್ನು ಗೆಲುವೆಂದುಕೊಂಡು ಕೂರುತ್ತಿದ್ದೆ. ಈಗ ಅಷ್ಟು ಧೈರ್ಯವಿರಲಿಲ್ಲ.

ತೀರ್ಮಾನ ಇಂಗ್ಲಿಷಿನ ಪರವಾಗಿ ಬಂತು. ಆಂಟಿಗೆ ಊಟವಾದ ಮೇಲಿನ ಅರ್ಧ ಗಂಟೆ, ಅದೂ ಬರುವ ಕ್ರಿಸ್‌ಮಸ್‌ವರೆಗೆ, ಬರಬೇಕೆನ್ನುವ ಮಕ್ಕಳಿಗೆ ಮಾತ್ರ. ಹಲಸಿನಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಯಿತು. ಟ್ರೇಗಳು ಖಾಲಿಯಾಗುವವರೆಗೂ ಆಂಟಿ ನನ್ನ ಕಡೆ ತಿರುಗಲಿಲ್ಲ. ಕೊನೆಗೆ, ಅವರ ಪದ್ಧತಿಯಂತೆ ಮನೆಗೆ ಒಯ್ಯುವ ಊಟವನ್ನು ಡಬ್ಬಿಗೆ ತುಂಬಿಸಿ ನನ್ನ ಕೈಗಿಟ್ಟು, "ಕಥೆಯ ಗಂಟೆ ಚೆನ್ನಾಗಿತ್ತು. ನನಗೆ" ಎಂದರು.

"ಕ್ಷಮಿಸಿ ಆಂಟಿ."

"ಕ್ಷಮೆ ಬೇಡ. ಭಾನುವಾರ ಬಂದು ಮಕ್ಕಳ ಸಾಲಿನಲ್ಲಿ ಕೂರು."

"ನಾನ್ಯಾಕೆ?"

"ಅವರಿಗೆ ತಪ್ಪಾಡಲು ನಾಚಿಕೆ. ಅವರಿಗಿಂತ ಕೆಟ್ಟದಾಗಿ ಮಾತಾಡುವವರು ಒಬ್ಬರಾದರೂ ಇದ್ದರೆ ಸ್ವಲ್ಪ ಧೈರ್ಯ ಬಂದೀತು."

ಅಲ್ಲಿಂದೀಚೆಗೆ ವಾರ ಬಿಟ್ಟು ವಾರ ಹ್ಯೂಸ್ಟನ್ನಿನ ಬಸ್ಸು. ಆಂಟಿ ನನ್ನನ್ನು ಮೊದಲು ಕೇಳುತ್ತಾರೆ: ಬಸ್ಸಿನಲ್ಲಿ ಏನು ನೋಡಿದೆ? ನಾನು ಹುಟ್ಟಿನಿಂದ ಮೂಕಳಾದವಳಂತೆ ಕೈಕಾಲು ಆಡಿಸಿ, ಕ್ರಿಯಾಪದವನ್ನು ಕೊಂದು, ಹಸುವನ್ನು ನೋಡಿದೆ ಅನ್ನಲು ಹೋಗಿ ಏನನ್ನೋ ಹೇಳುತ್ತೇನೆ. ಮಕ್ಕಳು ಬಿದ್ದುಬಿದ್ದು ನಗುತ್ತವೆ. ನಕ್ಕ ಮೇಲೆ ತಿದ್ದಬೇಕಾಗುತ್ತದೆ, ತಿದ್ದಲು ಬಾಯಿ ತೆರೆಯಲೇಬೇಕು. ಲೀನಾಗಂತೂ ನನ್ನನ್ನು ತಿದ್ದುವುದು ಚಟವಾಗಿದೆ. "ಮೆನ್ಲಾವ್" ಎನ್ನುತ್ತೇನೆ. ಅಂದರೆ ಉಪಕಾರವಾಯಿತು. "ಅದೊಂದು ಸರಿಯಾಗಿ ಬರತ್ತೆ ನಿಮಗೆ" ಎನ್ನುತ್ತಾಳೆ. ಅರ್ಧ ಗಂಟೆಯಿಂದ ಒಂದು ಭಾಷೆ ಉಳಿಯುತ್ತದೆಂದು ನಾನು ನಂಬುವುದಿಲ್ಲ, ಈಗಲೂ ಇಲ್ಲ. ಬರುವ ಮಕ್ಕಳು ಕಡಿಮೆ. ಜೋಯೆಲನ ಮಗಳು ಬರುವುದೇ ಇಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ನಾನೆಂದೂ ಕಾಣದ ದ್ವೀಪದ ಮಾತಿನಲ್ಲಿ ಹಸುಗಳನ್ನು ಹೆಸರಿಸುತ್ತ ಬರುತ್ತೇನೆ. ಆ ಮಾತು ಅರ್ಥವಾಗುವವರು ಆ ಬಸ್ಸಿನಲ್ಲಿ ಯಾರೂ ಇರುವುದಿಲ್ಲ.

ಹೋದ ವಾರ ಅವ್ವ ಫೋನು ಮಾಡಿದಾಗ, ಅವಳು ಉಂಡೀ ಎಂದು ಕೇಳುವ ಮೊದಲೇ ನಾನು ಕೇಳಿದೆ. ಸಾವಜಿಯಲ್ಲಿ. ಇವತ್ತು ಏನು ಅಡುಗೆ, ಹೇಗೆ ಮಾಡಿದೆ, ದೊಡ್ಡವ್ವ ಯಾಕೆ ಮುನಿಸಿಕೊಂಡಿದ್ದಾಳೆ. ಮೂರು ಪ್ರಶ್ನೆಗೆ ಬೆವರು ಬಂತು.

"ಯಾಕವಾ," ಎಂದಳು ಅವ್ವ, ಕನ್ನಡದಲ್ಲಿ, ಗಾಬರಿಯಿಂದ. "ಅಲ್ಲಿ ಹೋಗಿ ಕನ್ನಡ ಮರತೀ ಏನ?"

ಮರೆತಿಲ್ಲ ಎಂದೆ, ಕನ್ನಡದಲ್ಲೇ ಎಂದೆ. ಅವಳಿಗೆ ಸಮಾಧಾನವಾಯಿತು. ಫೋನನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಒಳಗಿದ್ದ ದೊಡ್ಡವ್ವನಿಗೆ ಕೂಗಿ ಹೇಳತೊಡಗಿದಳು: ಹುಡುಗಿ ನಮ್ಮ ಮಾತಾಡಿದಳು, ಎಲ್ಲ ತಪ್ಪು ತಪ್ಪು, ಕೇಳಿದರೆ ನಗು ಬರುತ್ತದೆ, ಯಾಕೋ ಒಬ್ಬಳೇ ಇದ್ದು ಬೇಸರವಾಗಿದೆ ಅವಳಿಗೆ. ಅವಳು ಹೇಳಿದ್ದು ಸಾವಜಿಯಲ್ಲಿ, ನನಗೆ ಕೇಳಿಸುತ್ತದೆ ಎಂಬುದನ್ನು ಮರೆತು. ಒಂದು ಮಾತೂ ಬಿಡದೆ ನನಗೆ ತಿಳಿಯಿತು.